ಹಿಂಬದಿಯಲ್ಲೂ ಅದೇ ಏಣಿ

ಎಲ್ಲಿಂದ ಶುರು ಮಾಡಲಿ?

ಅಜ್ಜಿಯಾದರೆ ಈ ಪ್ರಶ್ನೆ ಕೇಳುತ್ತಿರಲಿಲ್ಲ. ದಾರದ ತುದಿಯನ್ನು ತುಟಿಗೆ ತಾಗಿಸಿ ಒದ್ದೆ ಮಾಡುತ್ತಿದ್ದಳು. ಕತೆ ಶುರುವಾಯಿತೆಂದು ಅಷ್ಟರಿಂದಲೇ ನಮಗೆ ಗೊತ್ತಾಗುತ್ತಿತ್ತು. ಆಮೇಲೆ ಗಂಟು ಹಾಕದೆ ಸೂಜಿ ಚುಚ್ಚುತ್ತಿದ್ದಳು. ಮೊರಾಕೊ ದೇಶದ ನಮ್ಮ ಫೆಜ್ ಊರಿನ ಕಸೂತಿಗೆ ಗಂಟಿಲ್ಲ. ಬಟ್ಟೆಯ ಮುಂಬದಿ ಹೇಗೋ ಹಿಂಬದಿಯೂ ಹಾಗೇ ಇರಬೇಕು. ಅದಕ್ಕೇ ಆರಂಭದಲ್ಲಿ ಗೇಣುದ್ದ ದಾರವನ್ನು ಸುಮ್ಮನೆ ಹೊರಗೆ ಬಿಟ್ಟಿರಬೇಕು. ಕೊನೆಯಲ್ಲಿ ತಿರುಗಿ ಬಂದು ಅದನ್ನು ಹೊಲಿಗೆಯ ಅಡಿಯಲ್ಲಿ ಅಡಗಿಸಬೇಕು.

ಹಾಗಾಗಿ ನಾನೂ ಗೇಣುದ್ದ ಬಿಡುತ್ತಿದ್ದೇನೆ. ಇದೋ:

ಬಾಗಿಲು ತೆರೆದಿತ್ತು.

(ಓದುಗರೇ, ಈ ವಾಕ್ಯವನ್ನು ಹಿಡಿದು ಎಳೆಯಬೇಡಿ. ಇನ್ನೂ ಏನೂ ಹೊಲಿದಿಲ್ಲ, ಕಿತ್ತು ಬರುತ್ತದೆ.)

೧

ಮೊದಲ ಡ್ರಾಫ್ಟ್ ಹೀಗಿತ್ತು: ‘ರೀಮ್ ಎಂಬ ಕನಸುಗಣ್ಣಿನ ಹುಡುಗಿಯೊಬ್ಬಳು, ಹಳೆಯ ಪೇಟೆಯ ಮುಗಿಯದ ಓಣಿಗಳಲ್ಲಿ, ಕಳೆದುಹೋದ ತನ್ನ ಅಜ್ಜಿಯನ್ನು...’

ಅಲ್ಲಿಗೇ ನಿಲ್ಲಿಸಿದೆ. ಯಾರು ಈ ರೀಮ್? ನಮ್ಮ ಮನೆಯಲ್ಲಿ ಆ ಹೆಸರಿನವರು ಯಾರೂ ಇಲ್ಲ. ಹುಡುಕಿದವಳು ನಾನು. ಕನಸು ಕಾಣಲು ಪುರುಸೊತ್ತೂ ಇರಲಿಲ್ಲ. ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಚಿಕ್ಕಮ್ಮನದು ಸಿಕ್ಕಿಸಿಕೊಂಡು ಓಡಿದ್ದೆ.

ಎರಡನೇ ಡ್ರಾಫ್ಟಿನಲ್ಲಿ ರೀಮಳನ್ನು ಮನೆಗೆ ಕಳಿಸಿದೆ. ಉಳಿದದ್ದು ಇಷ್ಟು.

ನನ್ನ ಅಜ್ಜಿಯ ಹೆಸರು ಬತೂಲ್. ನಲವತ್ತು ವರ್ಷ ಕಸೂತಿ ಕಲಿಸಿದವಳು. ಪೇಟೆಯ ಹೆಣ್ಣುಮಕ್ಕಳಿಗೆಲ್ಲ ಅವಳು ‘ಮಾಲ್ಮಾ’, ಅಂದರೆ ಗುರು. ಈಗ ಎಂಬತ್ತೊಂದು. ಆದರೆ ಕೆಲವು ದಿನ ಮಧ್ಯಾಹ್ನದ ಬಾಂಗ್ ಕೇಳಿದ ಕೂಡಲೇ ಅವಳಿಗೆ ಹತ್ತು ವರ್ಷ. ಹೊಲಿಗೆಯ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು, ತಲೆಮುಸುಕಿನ ಉದ್ದ ನಿಲುವಂಗಿ ಜೆಲ್ಲಾಬಾ ತೊಟ್ಟು, ತನ್ನ ಮಾಲ್ಮಾಳ ಮನೆಗೆ ಪಾಠಕ್ಕೆ ಹೊರಡುತ್ತಾಳೆ. ಆ ಮಾಲ್ಮಾ ಸತ್ತು ಅರವತ್ತು ವರ್ಷವಾಯಿತು. ಆ ಮನೆ ಈಗ ಪ್ರವಾಸಿಗರ ವಸತಿಗೃಹ, ಅಂಗಳದಲ್ಲಿ ಈಜುಕೊಳ. ಮೊದಲ ಸಲ ಅಜ್ಜಿ ಸಿಕ್ಕಿದ್ದು ಅಲ್ಲೇ, ಕಾವಲುಗಾರನ ಜೊತೆ ಜಗಳವಾಡುತ್ತ: ‘ತಡವಾಗಿ ಬಂದಿಲ್ಲ ನಾನು! ಒಳಗೆ ಬಿಡು!’

ಎರಡನೇ ಸಲ ಮೂರು ಗಂಟೆ ಸಿಗಲಿಲ್ಲ. ಕೊನೆಗೆ ರ್ಸಿಫ್ ಚೌಕದಲ್ಲಿ ರೊಟ್ಟಿ ಮಾರುವ ಹೆಂಗಸಿನ ಪಕ್ಕ ಕೂತಿದ್ದಳು. ‘ಹೆಸರು ಕೇಳಿದ್ರೆ ಹೇಳ್ಲಿಲ್ಲ ಕಣಮ್ಮ, ಮುಸುಕು ಹೊದ್ಕೊಂಡು ಕೂತೇ ಬಿಟ್ರು. ರೊಟ್ಟಿ ಮುಚ್ಚೋ ಬಟ್ಟೇನ ಹಿಡ್ಕೊಂಡು ಬಿಡ್ತಾನೇ ಇರ್ಲಿಲ್ಲ,’ ಅಂದಿದ್ದಳು ಆ ಹೆಂಗಸು. (ಆ ಬಟ್ಟೆಯನ್ನು ನಾನೂ ಅವತ್ತು ನೋಡಲಿಲ್ಲ. ಕತೆ ಬರೆಯುವವಳಂತೆ!)

‘ಇನ್ನೊಂದು ಸಲ ಹೋದ್ಳೋ, ಮುಗೀತು,’ ಅಂದಳು ನುಝಾ ಚಿಕ್ಕಮ್ಮ ಅವತ್ತು ಸಂಜೆ. ಚಿಕ್ಕಮ್ಮ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಮ್ಮ ಹೋದಮೇಲೆ ನನ್ನನ್ನೂ ಅಜ್ಜಿಯನ್ನೂ ಸಾಕುತ್ತಿರುವವಳು ಅವಳೇ. ‘ತೌಫೀಕ್ ಅಣ್ಣನ ಮನೆಗೆ ಕಳಿಸ್ತೀನಿ. ಕಾಸಾಬ್ಲಾಂಕಾ. ಏಳನೇ ಮಹಡಿ. ಲಿಫ್ಟಿಗೂ ಬೀಗ ಇದೆ.’

‘ಅಲ್ಲಿ ಅಜ್ಜಿ ಬದುಕ್ತಾಳಾ ಚಿಕ್ಕಮ್ಮ?’

‘ಇಲ್ಲಿ ಹೇಸರಗತ್ತೆ ಗುದ್ದಿ ಸತ್ರೆ ನೀನು ಬದುಕ್ತೀಯಾ?’

ನಾವೂ ಒಂದು ದಿನ ಬೀಗ ಹಾಕಿ ನೋಡಿದ್ದೆವು. ಅಜ್ಜಿ ಎರಡೂ ಅಂಗೈಗಳನ್ನು ಬಾಗಿಲಿಗೆ ಒತ್ತಿಕೊಂಡು ಸಂಜೆಯ ತನಕ ನಿಂತೇ ಇದ್ದಳು. ‘ನಾನೇನು ತಪ್ಪು ಮಾಡ್ದೆ? ಯಾಕೆ ನನ್ನ ಪಾಠಕ್ಕೆ ಕಳಿಸಲ್ಲ?’ ಅಂತ ಹತ್ತು ವರ್ಷದ ಹುಡುಗಿಯ ಹಾಗೆ ಅತ್ತಳು. ಆ ಬೀಗವನ್ನು ನಾನು ಬಾವಿಗೆ ಎಸೆದೆ. (ಬಾವಿ ಇಲ್ಲ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಬಾವಿ ಅಂದರೆ ಚೆನ್ನಾಗಿ ಕೇಳಿಸುತ್ತದೆ.)

ಜೊತೆಗೆ ಹೋಗಬಹುದಿತ್ತಲ್ಲ ಅನ್ನುತ್ತೀರಿ. ಹೋಗಿದ್ದೆ. ಹಿಂದಿನಿಂದ ಯಾರೋ ಬರುತ್ತಿದ್ದಾರೆಂದು ಗೊತ್ತಾದ ತಕ್ಷಣ ಅಜ್ಜಿ ಚಪ್ಪಲಿ ತೆಗೆದು ನನ್ನ ಮೇಲೆ ಬೀಸಿ, ‘ಕಳ್ಳಿ! ಕಳ್ಳಿ!’ ಅಂತ ಕೂಗಿದಳು. ಇಬ್ಬರು ಹಮಾಲರು ನನ್ನ ರಟ್ಟೆ ಹಿಡಿದು ನಿಲ್ಲಿಸಿದರು.

‘ಐದು ಶುಕ್ರವಾರ ಕೊಡು,’ ಅಂದೆ ಚಿಕ್ಕಮ್ಮನಿಗೆ. ತೌಫೀಕ್ ಮಾವ ಶುಕ್ರವಾರದ ಗೋಧಿರವೆ ಕುಸ್ಕುಸ್ ಊಟಕ್ಕೆ ಬರುವುದು ಅಪರೂಪ. ಐದನೇ ಶುಕ್ರವಾರ ಬರುವವರಿದ್ದರು. ‘ಅಷ್ಟರೊಳಗೆ ಯಾರ ಕೈಗೆ ಸಿಕ್ಕಿದ್ರೂ ಅಜ್ಜಿ ಮನೆಗೆ ಬರೋ ಹಾಗೆ ಮಾಡ್ತೀನಿ.’

೨

(ಚೀಟಿ, ಬಳೆಯ ಮಾತು ಒಂದಕ್ಕಿಂತ ಮುಂಚೆ ಬರಬೇಕಿತ್ತು. ಇರಲಿ.)

ಚೀಟಿ ಬರೆದು ಜೇಬಿನಲ್ಲಿಟ್ಟರೆ ಅಜ್ಜಿ ಅದನ್ನು ಕಿತ್ತಳೆ ಮಾರುವವನಿಗೆ ಕೊಟ್ಟಳು. ನಂಬರ್ ಕೆತ್ತಿಸಿದ ಬಳೆ ಸಕ್ಕರೆ ಡಬ್ಬಿಯಲ್ಲಿ ಸಿಕ್ಕಿತು. ಅವಳು ಯಾರಿಗೂ ಕೊಡದ, ಎಲ್ಲೂ ಬಿಡದ ವಸ್ತು ಒಂದೇ, ಮೈಮೇಲಿನ ಜೆಲ್ಲಾಬಾ. ಅಂದರೆ ನನ್ನ ಫೋನ್ ನಂಬರನ್ನು ಬಟ್ಟೆಯ ಮೇಲೇ ಹಾಕಿಸಬೇಕು.

ಹಳೆಯ ಪೇಟೆಯ ಹೊರಗಿನ ಹೊಸ ಊರಿನಲ್ಲಿ ಮುನೀರ್ ಎಂಬವನ ಅಂಗಡಿಯಿದೆ. ಫುಟ್‌ಬಾಲ್ ತಂಡಗಳ ಅಂಗಿ, ಶಾಲೆಯ ಮೇಲಂಗಿ, ಹೋಟೆಲಿನವರ ಏಪ್ರನ್, ಯಾವುದರ ಮೇಲೆ ಏನು ಬೇಕಾದರೂ ಹಾಕಿಕೊಡುತ್ತಾನೆ.

‘ಮೂರು ದಾರಿ ಇದೆ ತಂಗಿ,’ ಅಂದ ಮುನೀರ್, ಮದುವೆಗೆ ಗಂಡು ತೋರಿಸುವವನ ಗತ್ತಿನಲ್ಲಿ. ‘ಒಂದು, ಅಂಟಿಸೋದು. ಫಿಲ್ಮ್ ಮೇಲೆ ಪ್ರಿಂಟ್ ತೆಗೆದು ಬಿಸಿ ಪ್ರೆಸ್ಸಲ್ಲಿ ಒತ್ತಿದ್ರೆ ಆಯ್ತು, ಟೀ ಕುಡಿಯೋಷ್ಟ್ರಲ್ಲಿ ರೆಡಿ. ಎರಡು, ಸ್ಕ್ರೀನ್ ಪ್ರಿಂಟ್. ಬಣ್ಣ ಬಟ್ಟೆಯೊಳಗೇ ಇಳಿಯತ್ತೆ, ಬಟ್ಟೆ ಹರಿದ್ರೂ ಅದು ಹೋಗಲ್ಲ. ಆದ್ರೆ ಇಪ್ಪತ್ತೈದು ಪೀಸಿಗಿಂತ ಕಡಿಮೆ ಮಾಡಲ್ಲ.’

‘ನನಗಿರೋದು ಒಬ್ಬಳೇ ಅಜ್ಜಿ.’

‘ಅದೇ ಕಷ್ಟ,’ ಅಂದ ಅವನು ನಿಜವಾಗಿಯೂ ಬೇಸರಪಟ್ಟು. ‘ಮೂರನೇದು...’ ಅಂಗಡಿಯ ಹಿಂದಿದ್ದ ಕಂಪ್ಯೂಟರ್ ಕಸೂತಿ ಯಂತ್ರದ ಕಡೆ ತಿರುಗಿ ದನಿ ತಗ್ಗಿಸಿದ. ‘ಮೂರನೇದು ಇವಳು. ನಿಮಿಷಕ್ಕೆ ಎಂಟುನೂರು ಹೊಲಿಗೆ.’

ಅಂಟಿಸುವುದೇ ಸಾಕು ಅಂದೆ. ಕಂದು ಜೆಲ್ಲಾಬಾದ ಬೆನ್ನಿನ ಮೇಲೆ, ಕುತ್ತಿಗೆಯ ಕೆಳಗೆ, ಹತ್ತು ಬಿಳಿ ಅಂಕಿಗಳು. ಟೀ ಕುಡಿಯುವಷ್ಟರಲ್ಲಿ ರೆಡಿಯಾಯಿತು. ಮನೆಯಲ್ಲಿ ಅಜ್ಜಿ ಅದನ್ನು ಮಡಿಲಲ್ಲಿ ಹರಡಿಕೊಂಡು, ಮಂಡಿಯ ಗಾಯದ ಹಕ್ಕಳೆ ಕೀಳುವ ಮಗುವಿನ ಏಕಾಗ್ರತೆಯಲ್ಲಿ ಹತ್ತೂ ಅಂಕಿಗಳನ್ನು ಉಗುರಿನಿಂದ ಎಬ್ಬಿಸಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟಳು. ಅದೂ ಟೀ ಕುಡಿಯುವಷ್ಟರಲ್ಲೇ.

ಮೊದಲ ಶುಕ್ರವಾರ ಹೋಯಿತು.

[ಇಲ್ಲಿ ಚಿಕ್ಕಮ್ಮ ಹಾಳೆಗಳನ್ನು ಕಸಿದುಕೊಂಡು ಓದಿದಳು.

‘ನನ್ನ ಬಾಯಲ್ಲಿ ಬರೀ ಕೊಂಕು ಇಟ್ಟಿದೀಯ. ಹೇಸರಗತ್ತೆ, ಬೀಗ. ನಾನು ಅಳಲೇ ಇಲ್ವಾ? ಅದನ್ಯಾಕೆ ಬರೀಲಿಲ್ಲ?’

‘ನೀನು ಅತ್ತಿದ್ದು ನಾನು ನೋಡಿಲ್ಲ ಚಿಕ್ಕಮ್ಮ.’

‘ಔಷಧಿ ಅಂಗಡಿ ಗೋಡೌನಲ್ಲಿ, ಕೆಮ್ಮಿನ ಸಿರಪ್ ಪೆಟ್ಟಿಗೆ ಮೇಲೆ ಕೂತು ಅತ್ತೆ. ಬರಿ.’

ಬರೆದಿದ್ದೇನೆ.]

೩

ಸ್ಕ್ರೀನ್ ಪ್ರಿಂಟ್. ಮುನೀರ್ ಕರುಣೆಯಿಂದ ಒಂದು ಉಪಾಯ ಮಾಡಿದ. ಅವತ್ತು ಗ್ಯಾಸ್ ಸಿಲಿಂಡರ್ ಹೊರುವವರ ಸಮವಸ್ತ್ರಗಳ ಪ್ರಿಂಟ್ ನಡೆಯುತ್ತಿತ್ತು. ಅವುಗಳ ಹಿಂದೆಯೇ ಅಜ್ಜಿಯ ಬೂದು ಜೆಲ್ಲಾಬಾವನ್ನೂ ತಳ್ಳಿದ. ಬಣ್ಣ ಮಾತ್ರ ಬದಲಿಸಲಾಗದು. ಹಾಗಾಗಿ ನನ್ನ ನಂಬರ್ ಅಜ್ಜಿಯ ಬೆನ್ನ ತುಂಬ ಕಡು ಕಿತ್ತಳೆಯಲ್ಲಿ, ಬೀದಿಯ ಆ ತುದಿಗೂ ಕಾಣುವ ಹಾಗೆ ಬಂತು.

‘ಯಾರೋ ನನ್ನ ಬಟ್ಟೆ ಮೇಲೆ ಗೀಚಿದಾರೆ,’ ಅಂದಳು ಅಜ್ಜಿ. ‘ನಾನೇನು ಸಿಲಿಂಡರಾ?’

(ಸಿಲಿಂಡರಿನವರ ಸಮವಸ್ತ್ರಗಳ ಹಿಂದೆ ತನ್ನ ಬಟ್ಟೆ ಹೋಗಿತ್ತೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಕಲ್ಪಿಸುತ್ತಿಲ್ಲ. ಅಜ್ಜಿಯ ಇಂಥ ಮಾತುಗಳನ್ನು ಕೇಳಿಯೇ ನಾನು ಬರೆಯುವವಳಾದದ್ದು.)

ಉಗುರಿಗೆ ಬರಲಿಲ್ಲ. ಸೋಪಿಗೆ ಬರಲಿಲ್ಲ. ಬ್ಲೀಚಿಗೂ ಬರಲಿಲ್ಲ. ನಾನು ಒಳಗೊಳಗೇ ಕುಣಿದೆ. ಮುಂದಿನ ಶುಕ್ರವಾರ ಅಜ್ಜಿ ಆ ಜೆಲ್ಲಾಬಾವನ್ನು ಅಚ್ಚುಕಟ್ಟಾಗಿ ಮಡಚಿ, ನಮ್ಮ ಓಣಿಯ ಮಸೀದಿಯ ಬಾಗಿಲಲ್ಲಿ ಕೂರುವ ಮುದುಕಿಗೆ ದಾನ ಕೊಟ್ಟು ಬಂದಳು.

ಸೋಮವಾರ ಫೋನ್ ಬಂತು. ‘ನಿಮ್ಮಜ್ಜಿ ಸಿಕ್ಕಿದಾರೆ ಮೇಡಂ! ಗಾಬರಿ ಆಗ್ಬೇಡಿ, ಕರ್ಕೊಂಡು ಬರ್ತಾ ಇದೀವಿ.’

ನನ್ನ ಅಜ್ಜಿ ನನ್ನ ಎದುರಿಗೇ ಬೇಳೆ ಆರಿಸುತ್ತ ಕೂತಿದ್ದಳು.

ಇಬ್ಬರು ಅಂಗಡಿ ಹುಡುಗರ ಜೊತೆ ಬಂದವಳು ಮ್ಬಾರ್ಕಾ, ಮಸೀದಿ ಬಾಗಿಲಿನ ಮುದುಕಿ, ಬೆನ್ನ ಮೇಲೆ ನನ್ನ ನಂಬರ್ ಹೊತ್ತು. ಬಂದವಳನ್ನು ಏನೂ ಕೊಡದೆ ಕಳಿಸುವುದುಂಟೇ? ಎರಡು ಬಟ್ಟಲು ಹರೀರಾ ಸೂಪು ಕುಡಿದಳು, ಖರ್ಜೂರ ತಿಂದಳು. ‘ಭಾರಿ ಒಳ್ಳೆ ಬಟ್ಟೆ ಮಗಳೇ,’ ಅಂದಳು. ‘ಎಲ್ಲಿ ಸುಸ್ತಾಗಿ ಕೂತ್ರೂ ಯಾರಾದ್ರೂ ಬಂದು ಫೋನ್ ಮಾಡ್ತಾರೆ.’

ಕೊನೆ, ನಮೂನೆ ಒಂದು: ಮ್ಬಾರ್ಕಾ ನಮ್ಮನೆಯಲ್ಲೇ ಉಳಿಯುತ್ತಾಳೆ. ಒಬ್ಬ ಅಜ್ಜಿ ಕಳೆದರೂ ಒಬ್ಬಳು ಉಳಿಯುತ್ತಾಳೆ. ತೆರೆ.

‘ಚೆನ್ನಾಗಿದೆ,’ ಅಂದಳು ಚಿಕ್ಕಮ್ಮ. ‘ಮುಗಿಸು ಹಾಗೇ. ನಾನು ಅಣ್ಣಂಗೆ ಫೋನ್ ಮಾಡ್ತೀನಿ.’

ಹಾಳೆ ಹರಿದೆ. ಎರಡು ಶುಕ್ರವಾರ ಕಳೆದಿದ್ದವು.

೪

ಇಲ್ಲಿ ಒಂದು ಸೊಗಸಾದ ಪ್ಯಾರಾ ಇತ್ತು. ಮನೆಯ ಮಾಳಿಗೆ, ಇಳಿಬಿಸಿಲು, ಹದಮಾಡಿ ಒಣಹಾಕಿದ ಚರ್ಮಗಳ ಹಳದಿ, ಹಿಂಡು ಹಿಂಡಾಗಿ ಹಾರುವ ಬಾನಾಡಿಗಳು. ಬರೆದದ್ದನ್ನೆಲ್ಲ ದಿನಾ ಬೆಳಿಗ್ಗೆ ಅಜ್ಜಿಗೆ ಓದಿ ಹೇಳುತ್ತೇನೆ. ನಾನು ಯಾರೆಂದು ಗೊತ್ತಿಲ್ಲದಿದ್ದರೂ ಕತೆ ಯಾವುದು, ಕತೆ ಅಲ್ಲದ್ದು ಯಾವುದು ಅಂತ ಅವಳಿಗೆ ಗೊತ್ತು.

‘ಈ ಹಕ್ಕಿಗಳು ಯಾಕೆ ಬಂದ್ವು?’

‘ಸಂಜೆ ಆಗಿತ್ತಲ್ಲ ಅಜ್ಜಿ.’

‘ಹಿಂದಗಡೆ ಏನಿದೆ ಇದಕ್ಕೆ?’

ಹಿಂಬದಿಯಲ್ಲಿ ಏನೂ ಇರಲಿಲ್ಲ.

‘ಬಿಚ್ಚು,’ ಅಂದಳು.

ಬಿಚ್ಚಿದೆ.

೪ (ಸರಿಯಾದದ್ದು)

ಕಂಪ್ಯೂಟರ್ ಕಸೂತಿ. ಸುಳ್ಳು ಯಾಕೆ ಹೇಳಲಿ, ನೋಡಲು ಬಹಳ ಚೆನ್ನಾಗಿತ್ತು. ಅಜ್ಜಿಗೆ ಪ್ರಿಯವಾದ ನೀಲಿ ದಾರ, ದುಂಡಗಿನ ಅಂಕಿಗಳು, ಬೆನ್ನಿನ ಬದಲು ಎದೆಯ ಹತ್ತಿರ ಸಣ್ಣದಾಗಿ. ಅಜ್ಜಿ ಬೆರಳಿಂದ ಸವರಿದಳು. ಮುಖ ಅರಳಿತು. ನನಗೆ ಹಾಲು ಕುಡಿದಷ್ಟು ಸಂತೋಷ.

ಆಮೇಲೆ ಬಟ್ಟೆಯನ್ನು ತಿರುಗಿಸಿದಳು.

ಹಿಂಬದಿಯಲ್ಲಿ ಬಿಳಿ ದಾರದ ಸಿಕ್ಕು, ಅದರಡಿ ಕಾಗದದಂಥ ಅಂಟುಬಟ್ಟೆ. ಅಜ್ಜಿ ನಾಲಿಗೆಯಿಂದ ‘ಚ್ಚ್’ ಎಂದು ಸದ್ದು ಮಾಡಿದಳು. ನಲವತ್ತು ವರ್ಷ ಪೇಟೆಯ ಹುಡುಗಿಯರು ಹೆದರಿದ್ದ ಸದ್ದು. ‘ಯಾರ ಕೆಲಸ ಇದು? ಕರಿ ಆ ಹುಡುಗೀನ. ಅವಸರದವಳು. ಕಣ್ಣು ಎಲ್ಲೋ ಇಟ್ಟುಕೊಂಡು ಹೊಲಿದಿದಾಳೆ.’ ಸಣ್ಣ ಕತ್ತರಿ ತೆಗೆದು, ಬಟ್ಟೆಗೆ ನೋವಾಗದ ಹಾಗೆ ಒಂದೊಂದೇ ಅಂಕಿ ಬಿಚ್ಚತೊಡಗಿದಳು. ಬಿಚ್ಚಿದ ದಾರವನ್ನು ರಟ್ಟಿನ ತುಂಡಿಗೆ ಸುತ್ತಿಟ್ಟಳು.

ಸುದ್ದಿ ಕೇಳಿ ಮುನೀರನಿಗೆ ಅವಮಾನವಾಯಿತು. ಬಾದಾಮಿ ಮಿಠಾಯಿಯ ಪೊಟ್ಟಣ ಹಿಡಿದು ಸ್ವತಃ ಮನೆಗೇ ಬಂದ.

‘ಲಲ್ಲಾ, ಅಮ್ಮಾ, ತಪ್ಪು ತಿಳ್ಕೋಬೇಡಿ. ನನ್ನ ಯಂತ್ರ ನಿಮಿಷಕ್ಕೆ ಎಂಟುನೂರು ಹೊಲಿಗೆ ಹಾಕತ್ತೆ.’

‘ಅಯ್ಯೋ ಪಾಪ,’ ಅಂದಳು ಅಜ್ಜಿ. ‘ನಿಮಿಷಕ್ಕೆ ಎಂಟುನೂರು ಸಲ ತಪ್ಪು ಮಾಡತ್ತಾ? ಕೂತ್ಕೋ. ಉಳಿದಿರೋ ಈ ಆರನ್ನ ಬಿಚ್ಚು. ಬಟ್ಟೆ ಹರಿದ್ರೆ ಚಿವುಟ್ತೀನಿ.’

ಮುನೀರ್ ಕೂತು ಬಿಚ್ಚಿದ. ತನ್ನದೇ ಯಂತ್ರದ ತನ್ನದೇ ಆರನ್ನು. ಹೋಗುವಾಗ ಬಾಗಿಲಲ್ಲಿ ನನ್ನನ್ನು ತಡೆದು, ‘ಕತೆಯಲ್ಲಿ ನನ್ನ ಯಂತ್ರಾನ ತೀರಾ ಕೆಟ್ಟದಾಗಿ ತೋರಿಸ್ಬೇಡ ತಂಗಿ. ನೂರು ಮಕ್ಕಳ ಶಾಲೆ ಅಂಗೀನ ನಿಮ್ಮಜ್ಜಿ ಒಂದು ವಾರದಲ್ಲಿ ಮಾಡ್ತಾರಾ?’ ಅಂದ.

ಅದೂ ನಿಜ. ಬರೆದಿದ್ದೇನೆ, ಮುನೀರಣ್ಣ.

ಮೂರು ಶುಕ್ರವಾರ.

೫

ಹಾಗಾದರೆ ಉಳಿದದ್ದು ಒಂದೇ ದಾರಿ. ಅಜ್ಜಿ ಬಿಚ್ಚದಂಥ ಹೊಲಿಗೆಯಲ್ಲಿ ನಾನೇ ನಂಬರ್ ಹೊಲಿಯಬೇಕು.

ನಗಬೇಡಿ. ನನಗೆ ಕಸೂತಿ ಬರುವುದಿಲ್ಲ. ಅಜ್ಜಿ ಹುಡುಗಿಯರಿಗೆ ಕತೆ ಹೇಳುತ್ತಿದ್ದದ್ದು ಅವರ ಕೈ ನಿಲ್ಲದಿರಲಿ ಎಂದು. ಅವರೆಲ್ಲ ಕತೆ ಕೇಳುತ್ತ ಎಳೆ ಎಣಿಸುತ್ತಿದ್ದರು. ನಾನು ಎಣಿಸುವುದನ್ನು ಬಿಟ್ಟು ಕತೆಯನ್ನಷ್ಟೇ ಕೇಳಿದೆ. ರಾಜಕುಮಾರಿ ಏಳು ಕದ ದಾಟುವ ಹೊತ್ತಿಗೆ ನನ್ನ ಸೂಜಿ ಚಾಪೆಯನ್ನೂ ಸೇರಿಸಿ ಹೊಲಿದಿರುತ್ತಿತ್ತು.

ಈಗ ಇಪ್ಪತ್ತನಾಲ್ಕನೇ ವಯಸ್ಸಿಗೆ ದಿಂಬು ಹಿಡಿದು ಅಜ್ಜಿಯ ಮುಂದೆ ಕೂತೆ.

‘ಹೊಸ ಹುಡುಗಿ,’ ಅಂದಳು ಅಜ್ಜಿ. ‘ಯಾರ ಮಗಳು?’

‘ಸಾದಿಯಾಳ ಮಗಳು.’

‘ಸಾದಿಯಾಳ ಕೈ ಬಂಗಾರ.’ ನನ್ನ ಬೆರಳುಗಳನ್ನು ಎತ್ತಿ, ಮಡಚಿ, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ನೋಡಿದಳು. ‘ನಿಂದು ಅಪ್ಪನ ಕೈ ಇರ್ಬೇಕು.’

ಸಾದಿಯಾ ನನ್ನ ಅಮ್ಮ. ಅಜ್ಜಿಯ ಹಿರಿಮಗಳು. ಅದನ್ನು ನಾನು ಹೇಳಲಿಲ್ಲ. ಬಂಗಾರದ ಕೈಯವಳು ಅಜ್ಜಿಗೆ ಇನ್ನೂ ಎಲ್ಲೋ ಪಕ್ಕದ ಓಣಿಯಲ್ಲೇ ಇದ್ದಾಳೆ, ಇರಲಿ.

ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ, ಹೋದ ದಾರಿಯಲ್ಲೇ ವಾಪಸ್ ಬಂದು ಬಿಟ್ಟ ಜಾಗ ತುಂಬು. ತಪ್ಪಿದರೆ ಬಿಚ್ಚು. ಹನ್ನೊಂದು ಸಲ ಬಿಚ್ಚಿದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡು ಮತ್ತೆ ಎಣಿಸಿದೆ. ಏಳನೇ ಮಹಡಿಯ ಲಿಫ್ಟನ್ನು ನೆನೆದಾಗಲೆಲ್ಲ ನನ್ನ ಎಣಿಕೆ ಸರಿಹೋಗುತ್ತಿತ್ತು. ಮೂರನೇ ದಿನ ಒಂದು ಸೊನ್ನೆ ಹೊಲಿದೆ. ಅಜ್ಜಿ ಮುಂದೆ ನೋಡಿದಳು, ತಿರುಗಿಸಿ ನೋಡಿದಳು, ಏನೂ ಅನ್ನಲಿಲ್ಲ. ಏನೂ ಅನ್ನದಿರುವುದೇ ಅವಳ ಚಪ್ಪಾಳೆ.

ಸೊನ್ನೆಯ ಪಕ್ಕ 6 ಹೊಲಿದೆ. ಒಂದು ಎಳೆಯೂ ತಪ್ಪಿರಲಿಲ್ಲ.

‘ಚ್ಚ್.’

‘ಎಣಿಸಿ ನೋಡಿ ಮಾಲ್ಮಾ, ಸರಿಯಾಗೇ ಇದೆ!’

‘ಮುಂದಗಡೆ ಇದು ಈ ಕಡೆ ನೋಡ್ತದೆ.’ ತಿರುಗಿಸಿದಳು. ‘ಹಿಂದಗಡೆ ಆ ಕಡೆ ನೋಡ್ತದೆ. ಮುಂದೊಂದು, ಹಿಂದೊಂದು. ಇಂಥ ಗುಣದವರನ್ನ ನಾನು ಮನೆಗೆ ಸೇರಿಸಲ್ಲ. ಬಿಚ್ಚು.’

ಆಗ ಹೊಳೆಯಿತು. ಇಷ್ಟು ವರ್ಷ ಈ ಮನೆಯಲ್ಲಿ ಮರ, ನಕ್ಷತ್ರ, ಚೌಕ ಮಾತ್ರ ಹೊಲಿದದ್ದು ಯಾಕೆಂದು. ಅವಕ್ಕೆ ಎಡಬಲದ ಭೇದವಿಲ್ಲ. ಅಂಕಿಗಳಿಗೆ ಇದೆ. 2, 5, 6, 7 ಯಾವುದನ್ನೂ ಅಜ್ಜಿ ಉಳಿಸಲಿಲ್ಲ. ವಾರದ ಕೊನೆಗೆ ನನ್ನ ಹತ್ತು ಅಂಕಿಯ ನಂಬರಿನಲ್ಲಿ ಉಳಿದದ್ದು ನಾಲ್ಕು: 0, 1, 8, 8.

‘ಈ ನಂಬರಿಗೆ ಫೋನ್ ಮಾಡಿದ್ರೆ ಯಾರು ಎತ್ತಾರೆ?’ ಅಂದಳು ಚಿಕ್ಕಮ್ಮ. ನಾವಿಬ್ಬರೂ ನಕ್ಕೆವು, ಹೊಟ್ಟೆ ಹಿಡಿದು ನಕ್ಕೆವು. ಅಜ್ಜಿಯೂ ನಕ್ಕಳು. ಮೂವರಲ್ಲಿ ಮೊದಲು ನಿಲ್ಲಿಸಿದವಳು ಚಿಕ್ಕಮ್ಮ. ‘ನಾಲ್ಕನೇ ಶುಕ್ರವಾರ ನಾಳೆ,’ ಅಂದಳು.

ಅಜ್ಜಿ ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡಳು. ‘ಅಂಕಿ ಗಿಂಕಿ ಯಾಕೆ? ನನ್ನ ಹತ್ರ ಬಂದೋರು ಮೊದಲು ಏಣಿ ಕಲೀಬೇಕು.’ ಎರಡು ಸರ್ವೆ ಮರ, ನಡುವೆ ಏಳು ಮೆಟ್ಟಿಲ ಒಂದು ಏಣಿ. ಕಣ್ಣು ಮುಚ್ಚಿಕೊಂಡೇ ಹೊಲಿದು ತೋರಿಸಿದಳು.

ಏಣಿಯಿಂದ ಯಾರಿಗೆ ಫೋನ್ ಮಾಡುವುದು? ಆದರೂ ಕಲಿತೆ. ಗುರು ಹೇಳಿದ ಮೇಲೆ ಇಲ್ಲ ಅನ್ನುವ ಧೈರ್ಯ ನನಗೆ ಬರಲಿಲ್ಲ. (ಅಥವಾ ಕತೆ ಆ ಕಡೆ ವಾಲುತ್ತಿರುವುದು ನನಗೆ ಕಾಣಿಸಿತ್ತು. ನಿಮಗೂ ಕಾಣಿಸಿರಬಹುದು.)

೬

ಅರ್ಧ ಹೊಲಿದ ಏಣಿಯ ಬಟ್ಟೆಯನ್ನು ಕೈಯಲ್ಲೇ ಹಿಡಿದು ರ್ಸಿಫ್ ಚೌಕಕ್ಕೆ ರೊಟ್ಟಿ ತರಲು ಹೋದೆ. ರೊಟ್ಟಿ ಮಾರುವ ಆ ಹೆಂಗಸಿನ ಹೆಸರು ಹಾದ್ದಾ. ನನಗೆ ಚಿಲ್ಲರೆ ಕೊಡಲು ಬಂದವಳ ಕೈ ಅರ್ಧಕ್ಕೇ ನಿಂತಿತು. ನನ್ನ ಕೈಯಿಂದ ಬಟ್ಟೆಯನ್ನು ಎತ್ತಿಕೊಂಡಳು. ಮುಂದೆ ನೋಡಲಿಲ್ಲ. ಮೊದಲು ತಿರುಗಿಸಿದಳು.

‘ಏಳು ಮೆಟ್ಟಿಲು,’ ಅಂದಳು. ‘ಬತೂಲ್ ಮಾಲ್ಮಾ ಏಣಿ. ಈ ಐದನೇ ಮೆಟ್ಟಿಲಲ್ಲಿ ನಾನು ಚಿವುಟಿಸ್ಕೊಂಡಿರೋದು ಅಷ್ಟಿಷ್ಟಲ್ಲ. ಎಲ್ಲಿ ಸಿಕ್ತೇ ಇದು ನಿಂಗೆ? ಇದಾರಾ ಅವ್ರು?’

‘ನನ್ನ ಅಜ್ಜಿ. ಅವತ್ತು ನಿಮ್ಮ ಪಕ್ಕ ಮೂರು ಗಂಟೆ ಕೂತಿದ್ಳಲ್ಲ.’

ಹಾದ್ದಾ ಚಿಲ್ಲರೆಯನ್ನು ಕೆಳಗಿಟ್ಟಳು. ಬುಟ್ಟಿಯ ಮೇಲೆ ಮುಚ್ಚಿದ್ದ ಬಟ್ಟೆಯ ಅಂಚನ್ನು ನನ್ನ ಕಡೆ ತಿರುಗಿಸಿದಳು. ತೊಳೆದು ತೊಳೆದು ನೀಲಿ ಬೂದಾಗಿತ್ತು. ಎರಡು ಸರ್ವೆ ಮರ, ನಡುವೆ ಏಣಿ. ಹಾದ್ದಾ ಹನ್ನೆರಡನೇ ವಯಸ್ಸಿನಲ್ಲಿ ಹೊಲಿದದ್ದು.

‘ಮೂರು ಗಂಟೆ ಇದನ್ನೇ ತಿರುಗಿಸಿ ತಿರುಗಿಸಿ ನೋಡಿದ್ರು,’ ಅಂದಳು ಅವಳು. ‘ಯಾರೋ ಬುದ್ಧಿ ಕೆಟ್ಟ ಮುದುಕಿ ಅಂದ್ಕೊಂಡೆ. ನನ್ನ ಐದನೇ ಮೆಟ್ಟಿಲು ನೋಡ್ತಿದ್ರು ಕಣೇ ಅವ್ರು. ಮುಸುಕಿನೊಳಗೆ ಮುಖ ಕಾಣ್ಲಿಲ್ಲ ನಂಗೆ. ಅಯ್ಯೋ, ಒಂದು ಲೋಟ ಟೀನೂ ಕೊಡ್ಲಿಲ್ಲ.’

ಅಜ್ಜಿ ಅವತ್ತು ಕಳೆದುಹೋಗಿರಲಿಲ್ಲ. ಪಾಠಕ್ಕೆ ಹೊರಟವಳಿಗೆ ಪಾಠ ಸಿಕ್ಕಿತ್ತು.

ಈ ಪೇಟೆಯಲ್ಲಿ ಈ ಏಣಿ ಹತ್ತಿದವರು ಎಷ್ಟು ಜನ? ಹಾದ್ದಾ ಬೆರಳು ಮಡಚಿದಳು: ಮೇಣದಬತ್ತಿ ಅಂಗಡಿಯವನ ಹೆಂಡತಿ, ಹಮ್ಮಾಮು ಸ್ನಾನಗೃಹದ ಯಜಮಾನಿ, ಹತ್ತಿ ಮಾರುವ ಅಕ್ಕತಂಗಿಯರಿಬ್ಬರು, ಬಾಬ್ ಗಿಸ್ಸಾ ಹೆಬ್ಬಾಗಿಲ ಬಳಿಯ ಸೂಲಗಿತ್ತಿ... ಕೈಬೆರಳು ಸಾಲದೆ ರೊಟ್ಟಿಗಳ ಮೇಲೆ ಎಣಿಸತೊಡಗಿದಳು.

೭

‘ನಂಬರ್ ಇಲ್ದೆ? ಬರೀ ಏಣಿ?’ ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟಳು. ‘ಪೊಲೀಸ್ನೋರಿಗೆ ಏಣಿ ಓದಕ್ಕೆ ಬರತ್ತಾ? ಅವತ್ತು ಮ್ಬಾರ್ಕಾನ ಕರ್ಕೊಂಡು ಬಂದ ಅಂಗಡಿ ಹುಡುಗರಿಗೆ ಬರತ್ತಾ?’

‘ಬರಲ್ಲ. ಆದ್ರೆ ಅಂಗಡಿ ಹುಡುಗರ ಅಜ್ಜಿಯರಿಗೆ ಬರತ್ತೆ.’

‘ಯಾರಿಗೂ ಬರದೇ ಇರೋ ಓಣಿಗೆ ಹೋದ್ರೆ?’

ಇದಕ್ಕೆ ಉತ್ತರ ಮೊದಲ ಡ್ರಾಫ್ಟಿನ ರೀಮಳಲ್ಲಿ ಇತ್ತೇನೋ. ನಾನು ಸೂಜಿಗೆ ದಾರ ಪೋಣಿಸಿ ಹೊಲಿದೆ. ಏಳು ದಿನ, ಬೆಳಕಿದ್ದಷ್ಟು ಹೊತ್ತೂ. ಎಡತೋಳಿನ ಅಂಚಿನಲ್ಲಿ ಮುಗಿಯಿತು. ಬಲತೋಳಿನದು ಐದನೇ ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ನಾಲ್ಕು ಮೆಟ್ಟಿಲು ಏರಿ ನಿಂತಿತ್ತು, ಸೂಜಿ ಇನ್ನೂ ದಾರದಲ್ಲೇ ನೇತಾಡುತ್ತಿತ್ತು.

ಮಾವ ಬಂದರು.

ಕೊನೆಗಳನ್ನು ಇಲ್ಲೇ ಇಟ್ಟುಬಿಡುತ್ತೇನೆ, ಬೇಕಾದವರು ತೆಗೆದುಕೊಳ್ಳಿ. ಒಂದರಲ್ಲಿ ಹಾದ್ದಾ ಊರಿನ ಹಳೆಯ ಶಿಷ್ಯೆಯರನ್ನೆಲ್ಲ ದಿಂಬು ಸಮೇತ ನಮ್ಮ ಅಂಗಳಕ್ಕೆ ಕರೆತರುತ್ತಾಳೆ. ಅಜ್ಜಿ ಹೊರಗೆ ಹೋಗುವ ಅಗತ್ಯವೇ ಇರುವುದಿಲ್ಲ. (ತುಂಬ ಚೆನ್ನಾಗಿದೆ, ಅದಕ್ಕೇ ನನಗೆ ಅನುಮಾನ.) ಇನ್ನೊಂದರಲ್ಲಿ ಏಳನೇ ಮಹಡಿಯ ಕಿಟಕಿಯಲ್ಲಿ ಒಂದು ಪರದೆ, ಅದರ ಅಂಚನ್ನು ಯಾರೋ ದಿನವಿಡೀ ಬಿಚ್ಚುತ್ತಿದ್ದಾರೆ. (ಇದನ್ನು ಅಜ್ಜಿಗೆ ಓದಿ ಹೇಳಲಿಲ್ಲ.)

ನಡೆದದ್ದು ಬೇರೆ.

ತೌಫೀಕ್ ಮಾವ ನೀರಿನ ಪಂಪುಗಳ ಕಂಪನಿಯಲ್ಲಿದ್ದಾರೆ. ಅವರ ಅಂಗಿಯ ಜೇಬಿನ ಮೇಲೆ ಯಂತ್ರದಲ್ಲಿ ಹೊಲಿದ ಒಂದು ನೀಲಿ ನೀರಹನಿ. ಎಲ್ಲರೂ ಕುಸ್ಕುಸ್ ತಟ್ಟೆಯ ಸುತ್ತ ಕೂತಿದ್ದೆವು. ‘ಬಟ್ಟೆಬರೆ ಕಟ್ಟಿಡು ನುಝಾ,’ ಅಂದರು ಮಾವ, ತಟ್ಟೆಯನ್ನೇ ನೋಡುತ್ತ. ‘ಅಮ್ಮನಿಗೆ ಅಲ್ಲಿ ಏನೂ ಕಮ್ಮಿ ಆಗಲ್ಲ.’

ಅಜ್ಜಿ ವಾಲಿ, ಅವರ ಜೇಬಿನೊಳಗೆ ಎರಡು ಬೆರಳು ತೂರಿಸಿ, ಬಟ್ಟೆಯನ್ನು ಹೊರಳಿಸಿದಳು.

‘ಚ್ಚ್.’

ಕತ್ತರಿ ಬಂತು. ‘ಅಲುಗಾಡ್ಬೇಡ,’ ಅಂದಳು.

ಐವತ್ತೆಂಟು ವರ್ಷದ ಮಾವ, ಕೈಯಲ್ಲಿ ಹಿಡಿದ ತುತ್ತು ಹಾಗೇ ಇರುವಂತೆ, ಅಲುಗಾಡದೆ ಕೂತರು. ಹನಿ ಒಂದೊಂದೇ ಹೊಲಿಗೆ ಬಿಚ್ಚಿಕೊಂಡಿತು. ಅಜ್ಜಿಯ ಉಸಿರು ಅವರ ಕೊರಳಿಗೆ ತಾಗುತ್ತಿದ್ದಿರಬೇಕು. ಕೊನೆಯ ಎಳೆ ಬಂದಾಗ ಅಂಗಿಯಲ್ಲಿ ಒಂದೇ ಒಂದು ತೂತಿರಲಿಲ್ಲ.

‘ಅಮ್ಮನ ಕೈ ಒಂಚೂರೂ ನಡುಗ್ತಿಲ್ಲ ನುಝಾ,’ ಅಂದರು ಮಾವ. ಹಿಡಿದಿದ್ದ ತುತ್ತನ್ನು ತಟ್ಟೆಗೆ ವಾಪಸ್ ಇಟ್ಟರು.

ಅಷ್ಟರಲ್ಲಿ ಬಾಂಗ್ ಕೇಳಿಸಿತು. ಅಜ್ಜಿ ಎದ್ದಳು. ಜೆಲ್ಲಾಬಾ ತೊಟ್ಟಳು. ಎಡತೋಳಿನಲ್ಲಿ ಏಳು ಮೆಟ್ಟಿಲು, ಬಲತೋಳಿನಲ್ಲಿ ನಾಲ್ಕು. ನೇತಾಡುವ ಸೂಜಿಯನ್ನು ಎತ್ತಿ ನೋಡಿ, ತೋಳನ್ನು ತಿರುಗಿಸಿ ನೋಡಿ, ಏನೂ ಅನ್ನಲಿಲ್ಲ. ಸೂಜಿಯನ್ನು ಜೋಪಾನವಾಗಿ ಬಟ್ಟೆಗೆ ಚುಚ್ಚಿಟ್ಟಳು. ದಿಂಬನ್ನು ಕಂಕುಳಿಗೆ ಸೇರಿಸಿ ಬಾಗಿಲ ಕಡೆ ನಡೆದಳು.

ಎಲ್ಲರೂ ನನ್ನನ್ನು ನೋಡಿದರು.

‘ಈಗ ಏನು ಬರೀತೀಯ?’ ಅಂದಳು ಚಿಕ್ಕಮ್ಮ. ‘ಮನೇಲೇ ಉಳಿದ್ಳು ಅಂತ ಬರಿ.’

‘ನಮ್ಮ ಲಿಫ್ಟಿಗೆ ಬೀಗ ಇಲ್ಲ ಅಂತ ಬರಿ,’ ಅಂದರು ಮಾವ, ಮೆಲ್ಲಗೆ.

ನಾನು ಏನೂ ಬರೆಯಲಿಲ್ಲ. ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ, ಯಾರನ್ನೂ ನಿಲ್ಲಲು ಬಿಡುವುದೂ ಇಲ್ಲ ಅಂತ ಮಾತ್ರ ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ‘ಚ್ಚ್’ ಅನ್ನಲು ಬರುವವರ ದನಿ.

ಹೊಸ್ತಿಲಲ್ಲಿ ಅಜ್ಜಿ ನಿಂತು ಹಿಂದಿರುಗಿ ನೋಡಿದಳು. ನನ್ನನ್ನೇ.

‘ಹೊಸ ಹುಡುಗಿ, ಬರಲ್ವಾ? ಪಾಠಕ್ಕೆ ಹೊತ್ತಾಯ್ತು. ಇನ್ನೂ ಮೂರು ಮೆಟ್ಟಿಲು ಬಾಕಿ ಇದೆ ನಿಂದು. ಹಿಂದೆ ಹಿಂದೆ ಬರ್ಬೇಡ, ಪಕ್ಕದಲ್ಲಿ ಬಾ.’

ನಾನು ಧಡಬಡಿಸಿ ಎದ್ದೆ. ಕಾಲಿಗೆ ಸಿಕ್ಕಿದ ಚಪ್ಪಲಿಗೆ ಕಾಲು ತೂರಿಸಿದೆ. ಚಿಕ್ಕಮ್ಮ ನನ್ನ ರಟ್ಟೆ ಹಿಡಿದು ತಡೆದಳು. ಕೆಳಗೆ ಬಗ್ಗಿದಳು.

‘ಈ ಸಲ ಎರಡೂ ನಿಂದೇ ಹಾಕ್ಕೊಂಡು ಹೋಗು,’ ಅಂದಳು. ತನ್ನ ಚಪ್ಪಲಿಯನ್ನು ನನ್ನ ಕಾಲಿಂದ ತೆಗೆದು, ನನ್ನದನ್ನು ಮುಂದೆ ತಳ್ಳಿದಳು.

(ಆಮೇಲೆ? ಮಾವ ಅವತ್ತು ಒಬ್ಬರೇ ಹೋದರೇ? ಮುಂದಿನ ಶುಕ್ರವಾರ? ಯಾರಿಗೂ ಏಣಿ ಓದಲು ಬಾರದ ಓಣಿ ಎದುರಾಯಿತೇ? ಕೇಳಬೇಡಿ. ನಾನೀಗ ಅಜ್ಜಿಯ ಪಕ್ಕದಲ್ಲಿ ನಡೆಯುತ್ತಿದ್ದೇನೆ. ಎದುರಿಂದ ಹೇಸರಗತ್ತೆ ಬರುತ್ತಿದೆ, ‘ಬಾಲಕ್! ಬಾಲಕ್!’, ದಾರಿ ಬಿಡಿ ಅಂತ ಅದರ ಒಡೆಯ ಕೂಗುತ್ತಿದ್ದಾನೆ, ಅಜ್ಜಿಯ ಬಲತೋಳು ನನ್ನ ಎಡಗೈಯಲ್ಲಿದೆ, ಐದನೇ ಮೆಟ್ಟಿಲು ಸರಿಯಾಗಿ ಬರಬೇಕು.)

ಮೊದಲಿಗೆ ಗೇಣುದ್ದ ದಾರ ಬಿಟ್ಟಿದ್ದೆನಲ್ಲ, ಅದನ್ನೀಗ ಹೊಲಿಗೆಯ ಅಡಿಯಲ್ಲಿ ಅಡಗಿಸುತ್ತಿದ್ದೇನೆ. ಬಾಗಿಲು ತೆರೆದಿತ್ತು. ತೆರೆದೇ ಇದೆ.

ಗಂಟು ಹಾಕಿಲ್ಲ. ಬೇಕಾದರೆ ತಿರುಗಿಸಿ ನೋಡಿ.